ಬೇಡ ಎನ್ನಲಾರದವನ ಒಲೆ

ಆ ದಿನದ ಸಮಸ್ತ ಅನಾಹುತಕ್ಕೂ ಮೂಲ ಒಂದು ಸೇಬಿನ ಕೊಂಬೆ. ಹಿಂದಿನ ಚಳಿಗಾಲದಲ್ಲಿ ನೆರೆಯ ಉಶಿಯಾಮಾ ತನ್ನ ತೋಟದಲ್ಲಿ ಸವರಿದ ಹಸಿ ಕೊಂಬೆಯೊಂದನ್ನು ಎಳೆದುಕೊಂಡು ಬಂದು, "ನಿಮ್ಮನೇಲಿ ಸೌದೆ ಒಲೆ ಇದೆಯಂತಲ್ಲ, ಇಟ್ಕೊಳ್ಳಿ" ಎಂದಾಗ, ಮಿಜುತಾನಿ ಹಿದೆಯೊ "ಬೇಡ" ಎಂಬ ಎರಡಕ್ಷರವನ್ನು ಉಚ್ಚರಿಸಿದ್ದರೆ ಸಾಕಿತ್ತು. ಅವನು ಉಚ್ಚರಿಸಲಿಲ್ಲ. ಸೊಂಟ ಬಗ್ಗಿಸಿ ವಂದಿಸಿ, "ಅಯ್ಯೋ, ಎಂಥ ಉಪಕಾರ ಮಾಡಿದ್ರಿ!" ಎಂದುಬಿಟ್ಟ.

ನಗೋಯಾದ ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಮುದ್ರೆ ಒತ್ತಿ ನಿವೃತ್ತನಾದ ಹಿದೆಯೊ, ಹೆಂಡತಿ ಸವಾಕೊಳೊಡನೆ ಈ ಬೆಟ್ಟದ ತಪ್ಪಲಿಗೆ ಬಂದು ಹಳೆಯ ಮನೆಯೊಂದನ್ನು ಕೊಂಡು, ಅದರ ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆಯನ್ನು ಪ್ರತಿಷ್ಠಾಪಿಸಿದ್ದ. ಸೀಮೆಎಣ್ಣೆಯ ಹೀಟರಿಗೆ ಆತ್ಮವಿಲ್ಲ ಎಂಬುದು ಅವನ ಸಿದ್ಧಾಂತ. ಆತ್ಮವಿಲ್ಲದಿದ್ದರೂ ಅದಕ್ಕೆ ಬಿಸಿ ಇತ್ತು ಎಂಬುದು ಸವಾಕೊಳ ಸಿದ್ಧಾಂತ.

ಈ ಊರಿನಲ್ಲಿ ದೊಡ್ಡ ಕಸವನ್ನು ಹೊರಹಾಕುವುದು ಹುಡುಗಾಟವಲ್ಲ. ಗಾತ್ರಕ್ಕೆ ತಕ್ಕ ಚೀಟಿ ಕೊಂಡು ಅಂಟಿಸಬೇಕು. ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿಡಬೇಕು. ತಪ್ಪಿದರೆ ಅದು ಮಾರನೆಯ ದಿನ ಊರೆಲ್ಲ ನೋಡುವಂತೆ ನಿಮ್ಮ ಬಾಗಿಲಿಗೇ ವಾಪಸು ಬರುತ್ತದೆ. ಹೀಗಿರುವಲ್ಲಿ, ಮರದ್ದು ಏನೇ ಕೊಟ್ಟರೂ ತಲೆಬಾಗಿ ಸ್ವೀಕರಿಸುವವನೊಬ್ಬ ಬಂದಿದ್ದಾನೆ ಎಂಬ ಸುದ್ದಿ ಹರಡಲು ಎಷ್ಟು ಹೊತ್ತು? ಕಾಲು ಮುರಿದ ಮೇಜು, ಗೆದ್ದಲು ಹಿಡಿದ ತೊಲೆ, ಸತ್ತ ನಾಯಿಯ ಗೂಡು, ಎಲ್ಲವೂ ಒಂದೊಂದಾಗಿ ಹಿದೆಯೊನ ಜಗುಲಿಯನ್ನು ಅಲಂಕರಿಸಿದವು. ಕೊಡುವವರು ಕರೆಯುವುದೂ ಇಲ್ಲ. ಬದನೆ, ಮೂಲಂಗಿಗಳನ್ನು ನೆರೆಯವರ ಜಗುಲಿಯಲ್ಲಿ ಹೆಸರು ಹೇಳದೆ ಇಟ್ಟುಹೋಗುವುದು ಇಲ್ಲಿನ ಸದ್ಗುಣ. ಆ ಸದ್ಗುಣದ ಬಾಲ ಹಿಡಿದು ಕೊಳೆತ ಬೊಡ್ಡೆಗಳೂ ಬಂದವು. ಕಸ ಎಂದರೆ ಚೀಟಿ ಬೇಕು, ಉಡುಗೊರೆ ಎಂದರೆ ಬೇಡ! ತನ್ನ ಅಂಗಳದ ಹೊರೆಯನ್ನು ಪಕ್ಕದವನ ತಲೆಗೆ ಕಟ್ಟಿ ಅದಕ್ಕೆ ಔದಾರ್ಯವೆಂದು ಹೆಸರಿಡುವ ಬುದ್ಧಿಯನ್ನು ಯಾವ ನೀತಿಪಾಠದಲ್ಲಿ ಕಲಿತರೋ ತಿಳಿಯದು.

ಇಷ್ಟಕ್ಕೇ ಮುಗಿಯಲಿಲ್ಲ. ಉಡುಗೊರೆ ಬಂದ ಮೇಲೆ ಮರು ಉಡುಗೊರೆ ಹೋಗಲೇಬೇಕು. ಹಿದೆಯೊನಲ್ಲಿ ಕೊಡುವಂಥದ್ದು ಇದ್ದುದೊಂದೇ: ಎರಡು ಬೇಸಿಗೆ ಬಿಸಿಲುಂಡು ತಟ್ಟಿದರೆ ಗಂಟೆಯಂತೆ ನುಡಿಯುವ ಓಕ್ ಸೌದೆ. ಹಳೆಯ ಮನೆಗಳ ಸ್ನಾನದ ತೊಟ್ಟಿಗೆ ಇನ್ನೂ ಸೌದೆಯದೇ ಉರಿ. ಆದ್ದರಿಂದ ಊರವರು ಅದನ್ನು ಎರಡು ಕೈಗಳಿಂದಲೂ ಸ್ವೀಕರಿಸಿದರು. ಹಸಿಯನ್ನು ಪಡೆದು ಒಣಗಿದ್ದನ್ನು ಕೊಡುವ ಈ ವ್ಯವಹಾರದಲ್ಲಿ ಹಿದೆಯೊನ ಕೊಟ್ಟಿಗೆ ತುಂಬಿಯೇ ಇತ್ತು, ಮನೆ ಮಾತ್ರ ಹೆಪ್ಪುಗಟ್ಟುತ್ತ ಹೋಯಿತು.

ವರ್ಷದ ಕೊನೆಗೆ ಎರಡು ದಿನ ಉಳಿದಿದ್ದ ಆ ಬೆಳಗ್ಗೆ ಸವಾಕೊ ಚಹಾ ಬಟ್ಟಲನ್ನು ಗಂಡನ ಮುಂದೆ ಟಪ್ಪೆಂದು ಇಟ್ಟಳು.

"ಏನ್ರೀ, ಅಮ್ಮ ಇವತ್ತು ಮಧ್ಯಾಹ್ನದ ರೈಲಿಗೆ ಬರ್ತಾಳೆ. ನೆನಪಿದೆ ತಾನೆ?"

"ಇದೆ."

"ಹೋದ ಸಲ ಬಂದಾಗ ಕೋಟು ಹಾಕ್ಕೊಂಡೇ ಊಟ ಮಾಡಿದ್ಲು. ಕೈಗವಸು ಹಾಕ್ಕೊಂಡು ಊಟದ ಕಡ್ಡಿ ಹಿಡಿದ್ಲು. ತನ್ನೂರು ಅತಾಮಿಗೆ ಹೋಗಿ ನಮ್ಮ ನೆಂಟರಿಗೆಲ್ಲ 'ಮಗಳನ್ನ ಐಸ್‌ಪೆಟ್ಟಿಗೇಲಿ ಇಟ್ಟಿದಾನೆ' ಅಂದ್ಲು. ಈ ಸಲ ಅವಳು ಒಂದೇ ಒಂದು ಸಾರಿ ನಡುಗಿದ್ರೂ ಸರಿ, ಹೊಸ ವರ್ಷಕ್ಕೆ ನಿಮ್ಮ ಒಲೆ ಆಚೆ, ಹೀಟರ್ ಒಳಗೆ. ಒಲೆಗೆ ಅಂಟಿಸೋ ಚೀಟಿ ನಾನೇ ತಂದಿಟ್ಟಿದೀನಿ."

ಅತ್ತೆ ಕಿಕುನೊ ಕಿತ್ತಳೆ ಬೆಳೆಯುವ ಕಡಲತೀರದವರು; ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಶಿಷ್ಟಾಚಾರ ಕಲಿಸಿದವರು. ಅಳಿಯ ಕೂರುವ ರೀತಿ, ಉಸಿರಾಡುವ ರೀತಿ, ಯಾವುದೂ ಅವರ ತಿದ್ದುಪಡಿಯಿಂದ ತಪ್ಪಿಸಿಕೊಂಡಿರಲಿಲ್ಲ. ಅವರು ಮೂರು ದಿನಕ್ಕಿಂತ ಹೆಚ್ಚು ನಿಲ್ಲದಿದ್ದುದು ಚಳಿಯ ಒಂದು ಪುಣ್ಯವೆಂದೇ ಅವನು ಗುಟ್ಟಾಗಿ ಭಾವಿಸಿದ್ದ. ಆದರೆ ಒಲೆ ಉಳಿಯಬೇಕಾದರೆ ಅತ್ತೆ ಬೆಚ್ಚಗಾಗಬೇಕು.

"ನೋಡ್ತಿರು. ಅತ್ತೆ ಬೆವರು ಒರೆಸ್ಕೋಬೇಕು, ಹಂಗೆ ಮಾಡ್ತೀನಿ," ಎಂದ.

ಧೈರ್ಯಕ್ಕೆ ಕಾರಣವಿತ್ತು. ಈ ದಿನಕ್ಕೆಂದೇ ಕೊನೆಯ ಒಂದು ಬುಟ್ಟಿ ಒಣ ಓಕನ್ನು ಅವನು ಕಂಬಳಿ ಹೊದಿಸಿ, ಮಗುವನ್ನು ಮಲಗಿಸಿದಂತೆ ಕೊಟ್ಟಿಗೆಯ ಮೂಲೆಯಲ್ಲಿಟ್ಟಿದ್ದ. ಅದನ್ನೆತ್ತಿಕೊಂಡು ಹೊರಬರುವಷ್ಟರಲ್ಲಿ ಉಶಿಯಾಮಾನ ಪುಟ್ಟ ಲಾರಿ ಅಂಗಳಕ್ಕೆ ನುಗ್ಗಿತು. ಹಿಂಬದಿಯಲ್ಲಿ ಹಂದಿಯಷ್ಟು ದಪ್ಪದ, ನೀರು ಜಿನುಗುವ ಬೊಡ್ಡೆ.

"ಪರ್ಸಿಮನ್ ಮರದ್ದು, ಮಿಜುತಾನಿ-ಸಾನ್! ವರ್ಷದ ಕೊನೆ, ಅಂಗಳ ಗುಡಿಸ್ತಿದ್ದೆ. ನೋಡಿದ ತಕ್ಷಣ ನಿಮ್ಮ ನೆನಪೇ ಬಂತು."

"ನನ್ನ ನೆನಪಾ? ಅಯ್ಯೋ, ಎಂಥ ಉಪಕಾರ..."

"ಸ್ವಲ್ಪ ಹಸಿ ಇದೆ. ಮೂರು ವರ್ಷ ಬಿಟ್ರೆ ಒಣಗತ್ತೆ. ಅಂದ ಹಾಗೆ, ಆ ಬುಟ್ಟಿ ಭಾರ ಇರ್ಬೇಕಲ್ಲ? ನಾನು ಹಿಡ್ಕೊಳ್ಳಲಾ?"

ಮರು ಉಡುಗೊರೆಯ ಕ್ಷಣ ಬಂದಿತ್ತು. ಬುಟ್ಟಿ ಕೈಯಲ್ಲಿ ಹಿಡಿದೇ "ಕೊಡಲು ಏನೂ ಇಲ್ಲ" ಎನ್ನುವಷ್ಟು ಗಟ್ಟಿ ನಾಲಿಗೆ ಹಿದೆಯೊನದಾಗಿರಲಿಲ್ಲ. ಬುಟ್ಟಿಯ ಅರ್ಧ ಲಾರಿ ಹತ್ತಿತು. ಉಶಿಯಾಮಾ "ಛೇ ಛೇ, ಇದೆಲ್ಲ ಯಾಕೆ" ಎಂದು ಮೂರು ಬಾರಿ ನಿರಾಕರಿಸಿ, ಅಷ್ಟೂ ಸಲ ಜಾಗ ಸರಿಮಾಡಿಕೊಟ್ಟ.

ಉಳಿದರ್ಧವನ್ನು ಒಳಗೆ ಒಯ್ಯುವ ಮೊದಲೇ ಅದೇ ಕೇರಿಯ ಅರುಗಾ ಅಜ್ಜಿ ಕೋಲೂರಿಕೊಂಡು ಬಂದಳು. ಬಗಲಲ್ಲಿ ರೇಷ್ಮೆ ಬಟ್ಟೆಯ ಗಂಟು. ಬಿಚ್ಚಿದರೆ ಸಾಲಾಗಿ ಮರದ ಗೊಂಬೆಗಳು, ಎಲ್ಲವೂ ಹಿದೆಯೊನನ್ನೇ ನೋಡುತ್ತ ಮುಗುಳುನಗುತ್ತಿದ್ದವು.

"ಸತ್ತೋದ ನಮ್ಮನೆಯವರು ಹೋದಲ್ಲೆಲ್ಲ ಒಂದೊಂದು ತರ್ತಿದ್ರು ಕಣಪ್ಪ. ಕಸಕ್ಕೆ ಹಾಕೋಕೆ ಮನಸ್ಸು ಬರಲ್ಲ, ಕಣ್ಣು ಇದಾವಲ್ಲ. ದೇವಸ್ಥಾನದಲ್ಲಿ ಸುಡ್ಸೋಕೆ ಹೋದ್ರೆ ಕಾಣಿಕೆ ಕೇಳ್ತಾರೆ. ನೀನಾದ್ರೆ ನಮ್ಮೋನು. ಒಂದೊಂದಾಗಿ ಹಾಕು. ಮುಖ ನಿನ್ ಕಡೆ ಇರ್ಲಿ. ಹಾಕುವಾಗ 'ಇಷ್ಟು ದಿನ ಇದ್ದದ್ದಕ್ಕೆ ಉಪಕಾರವಾಯ್ತು' ಅನ್ನು. ಅಷ್ಟು ಸಾಕು."

"ಅಜ್ಜಿ, ಇವನ್ನ ಸುಡೋದು ನನ್ನ ಕೈಲಿ..."

"ಆಗತ್ತೆ ಆಗತ್ತೆ. ನಿನ್ನ ಮುಖದಲ್ಲೇ ಒಂದು ಪೂಜಾರಿ ಕಳೆ ಇದೆ." ಅಜ್ಜಿ ಬುಟ್ಟಿಯೊಳಗೆ ಕೋಲು ಆಡಿಸಿದಳು. "ಇದು ಓಕು ತಾನೆ? ನೀನು ಹೋದ ತಿಂಗಳು ಕೊಟ್ಟಿದ್ದಲ್ಲಿ ಸ್ನಾನ ಮಾಡಿದ್ದೇ ಮಾಡಿದ್ದು, ಸೊಂಟ ನೋವು ಹೆದರಿ ಓಡೋಯ್ತು. ನಾ ಕೇಳ್ತಿಲ್ಲಪ್ಪ. ಸುಮ್ನೆ ಹೇಳ್ದೆ."

ಕೇಳದೆ ಕೇಳುವ ಕಲೆಯಲ್ಲಿ ಅರುಗಾ ಅಜ್ಜಿಗೆ ಸರಿಸಾಟಿಯಿಲ್ಲ. ಬುಟ್ಟಿ ಖಾಲಿಯಾಯಿತು. ಹಿದೆಯೊನೇ ಆ ಸೌದೆಯನ್ನು ಅವಳ ಮನೆಯವರೆಗೆ ಹೊತ್ತು, ಸ್ನಾನದ ಒಲೆಯ ಪಕ್ಕ ಜೋಡಿಸಿ ಬಂದ. ಅದೂ ಮರು ಉಡುಗೊರೆಯ ಭಾಗವೇ.

ಮನೆಗೆ ಬಂದು, ಗೊಂಬೆಗಳ ಮುಖ ನೋಡಲಾರದೆ ಅವನ್ನು ಬೀರುವಿನಲ್ಲಿ ಅಡಗಿಸಿ, ಮೇಜು, ತೊಲೆಗಳೆಲ್ಲ ಆಗಲೇ ಉರಿದು ಬೂದಿಯಾಗಿದ್ದರಿಂದ ಉಳಿದಿದ್ದ ಹಸಿ ಸೌದೆಯನ್ನೇ ಒಲೆಗೆ ತುಂಬಿ ಕಡ್ಡಿ ಗೀರಿದ. ಸೇಬಿನ ಹಸಿ ಕೊಂಬೆ ಮೊದಲು ಸುಯ್ಯೆಂದಿತು, ಆಮೇಲೆ ಅತ್ತಿತು, ಕೊನೆಗೆ ಒಲೆಯ ಪ್ರತಿಯೊಂದು ಸಂದಿನಿಂದಲೂ ಹೊಗೆ ಉಗುಳಿತು. ಚಾವಣಿಯ ಎಚ್ಚರಿಕೆ ಯಂತ್ರ ಬಹಳ ವಿನಯದ ಹೆಣ್ಣುದನಿಯಲ್ಲಿ "ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ" ಎಂದು ಸಾರತೊಡಗಿತು. ಬೆಂಕಿ ಎಲ್ಲಾದರೂ ಬಿದ್ದಿದ್ದರೆ ಹಿದೆಯೊ ಕೃತಾರ್ಥನಾಗುತ್ತಿದ್ದ!

ಸವಾಕೊ ಕೆಮ್ಮುತ್ತ ಬಂದು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಳು. ಹೊಗೆಯ ಜೊತೆಗೆ ಮನೆಯಲ್ಲಿದ್ದ ಅಲ್ಪಸ್ವಲ್ಪ ಬಿಸಿಯೂ ಊರು ಬಿಟ್ಟಿತು.

"ನಾನು ಕಾರು ತಗೊಂಡು ಸ್ಟೇಷನ್‌ಗೆ ಹೋಗ್ತಿದೀನಿ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ದಾರೀಲಿ ಅಮ್ಮಂಗೆ ಒಂದು ದಪ್ಪ ಸ್ವೆಟರ್ ಕೊಡಿಸ್ತೀನಿ. ನೀವು ಅಷ್ಟ್ರೊಳಗೆ ಒಲೆಗೆ ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ. ಇಷ್ಟು ದಿನ ಇದ್ದದ್ದಕ್ಕೆ ಉಪಕಾರವಾಯ್ತು ಅಂತ."

ಅವಳು ಹೋದ ಮೇಲೆ ಹಿದೆಯೊ ಮಾನ ಬಿಟ್ಟು ಅರುಗಾ ಅಜ್ಜಿಯ ಮನೆಗೆ ಮರಳಿ ಓಡಿದ. ಕೊಟ್ಟಿದ್ದನ್ನು ಕೇಳುವುದು ಹೇಗೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಹೋದ. ಕಟ್ಟಿದ್ದು ವ್ಯರ್ಥವಾಯಿತು. ಹಿತ್ತಿಲ ಸ್ನಾನದ ಮನೆಯ ಕೊಳವೆಯಿಂದ ಒಣ ಓಕಿನ ತಿಳಿ ನೀಲಿ ಹೊಗೆ ನೇರವಾಗಿ ಆಕಾಶಕ್ಕೇಳುತ್ತಿತ್ತು. ಒಳಗಿನಿಂದ ಅಜ್ಜಿಯ ಹಾಡು ಕೇಳುತ್ತಿತ್ತು.

"ಯಾರದು? ಮಿಜುತಾನಿ-ಸಾನಾ? ಒಳಗೆ ಬರ್ಬೇಡ, ಮೈಮೇಲೆ ಬಟ್ಟೆ ಇಲ್ಲ! ಗೊಂಬೆಗಳು ನೆಮ್ಮದಿಯಾಗಿ ಹೋದ್ವಾ?"

"ಹೋ... ಹೊರಟಿದಾವೆ ಅಜ್ಜಿ," ಎಂದು ಹಿದೆಯೊ ಬಂದ ದಾರಿಗೆ ಸುಂಕವಿಲ್ಲದಂತೆ ಮರಳಿದ.

ಮರಳಿದವನು ಅಂಗಳದಲ್ಲೇ ನಿಂತುಬಿಟ್ಟ. ಜಗುಲಿಯ ಮೇಲೆ, ಅವನಿಲ್ಲದ ಹೊತ್ತಿನಲ್ಲಿ, ಯಾರೋ ದೊಡ್ಡದೊಂದು ಮರದ ಒರಳನ್ನು ಇಟ್ಟುಹೋಗಿದ್ದರು. ಪಕ್ಕದಲ್ಲಿ ಎರಡು ಕೊಡತಿಗಳು. ಹೆಸರಿಲ್ಲ, ಮಾತಿಲ್ಲ; ಎಂದಿನ ಸದ್ಗುಣ. ಹೊಸ ವರ್ಷಕ್ಕೆ ಬೇಯಿಸಿದ ಅಕ್ಕಿಯನ್ನು ಕುಟ್ಟಿ ಮೋಚಿ ಎಂಬ ಅಂಟು ಉಂಡೆ ಮಾಡುವ ಇಂಥ ಒರಳುಗಳನ್ನು ಈಗ ಮನೆಮನೆಯಲ್ಲೂ ಮೂಲೆಗೆ ಎಸೆದಿದ್ದಾರೆ, ಗುಂಡಿ ಒತ್ತಿದರೆ ಮೋಚಿ ಕೊಡುವ ಯಂತ್ರ ಬಂದಿರುವಾಗ ತೋಳು ನೋಯಿಸಿಕೊಳ್ಳುವವರಾರು? ಇದಂತೂ ಅಡಿಯಿಂದ ಮುಡಿಯವರೆಗೆ ಬಿರುಕು ಬಿಟ್ಟಿತ್ತು. ಸೊಂಟಕ್ಕೆ ಬಿಗಿದ ಕಬ್ಬಿಣದ ಪಟ್ಟಿಯೊಂದರ ದಯೆಯಿಂದ ನಿಂತಿತ್ತು. ಹಿದೆಯೊ ಬೆರಳ ಗೆಣ್ಣಿನಿಂದ ತಟ್ಟಿದ. ಠಣ್! ಕೆಯಾಕಿ ಮರ, ನೂರು ವರ್ಷ ಒಣಗಿದ್ದು.

ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ಊರವರ ಉಡುಗೊರೆಯಿಂದ ಕಣ್ಣು ತುಂಬಿ ಬಂತು.

ಪಟ್ಟಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ್ದೇ ತಡ, ಒರಳು ದಾಳಿಂಬೆಯಂತೆ ಬಿರಿದು ಬಿತ್ತು. ಬೆಣೆ ಹೊಡೆದು, ಕೊಡಲಿ ಬೀಸಿ, ಅಂಗಿಯೆಲ್ಲ ಒದ್ದೆಯಾಗುವಂತೆ ಸೀಳಿದ. ಕೊಡತಿಗಳೂ ಹಿಡಿಕೆ ಸಮೇತ ಒಲೆ ಸೇರಿದವು. ಮೊದಲ ಚಕ್ಕೆಗೇ ಒಲೆ ಗುಂಯ್ ಎಂದು ಹಾಡಿತು. ಗಾಜಿನ ಹಿಂದೆ ಉರಿ ಹೊಂಬಣ್ಣದ ಪರದೆಯಂತೆ ತೂಗಾಡಿತು, ಕಬ್ಬಿಣ ಟಿಕ್ ಟಿಕ್ ಎಂದು ಮೈ ಮುರಿಯಿತು. ಮಂಜು ಹಿಡಿದಿದ್ದ ಕಿಟಕಿಗಳು ಬೆವರತೊಡಗಿದವು.

ಅತ್ತೆ ಕಿಕುನೊ ಬಂದಾಗ ಒಂದರ ಮೇಲೊಂದು ಎರಡು ಸ್ವೆಟರು, ಅದರ ಮೇಲೆ ಕೋಟು, ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ನಡೆದಾಡುವ ಹಾಸಿಗೆ ಸುರುಳಿಯಂತಿದ್ದರು. ಹೊಸ್ತಿಲು ದಾಟಿ ಅನುಮಾನದಿಂದ ಗಾಳಿಯನ್ನು ಮೂಸಿದರು. ಕತ್ತಿನ ಪಟ್ಟಿ ಬಿಚ್ಚಿದರು. ಕೋಟು ಕಳಚಿದರು. ಒಂದು ಸ್ವೆಟರು ಹೋಯಿತು. ಒಂದು ಬಟ್ಟಲು ಚಹಾ ಕುಡಿಯುವಷ್ಟರಲ್ಲಿ ಇನ್ನೊಂದೂ ಹೋಯಿತು. ಸವಾಕೊ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಹಿದೆಯೊ-ಸಾನ್," ಎಂದರು ಅತ್ತೆ, ಅವನ ಕುರ್ಚಿಯಲ್ಲಿ ಕೂತು ಅಂಗಾಲನ್ನು ಒಲೆಗೆ ಒಡ್ಡಿ, "ನಿಮ್ಮ ಬಗ್ಗೆ ನಾನು ಅತಾಮಿಯಲ್ಲಿ ಆಡಿದ ಮಾತನ್ನೆಲ್ಲ ವಾಪಸ್ ತಗೊಂಡಿದೀನಿ."

"ಅಯ್ಯೋ ಅತ್ತೆ, ಅಷ್ಟು ದೊಡ್ಡ ಮಾತು..."

"ಬೆನ್ನು ನೆಟ್ಟಗೆ. ಹೊಗಳುವಾಗ ಗೂನು ಹಾಕ್ಬಾರ್ದು. ಈ ಶಾಖ ಇದೆಯಲ್ಲ, ಇದು ಮೂಳೆ ಒಳಗೆ ಹೋಗುತ್ತೆ. ಯಾವ ಸೌದೆ ಇದು?"

"ಕೆಯಾಕಿ. ಬಹಳ ಹಳೇದು."

"ಹಾಗಿದ್ರೆ ಒಂದು ಮಾತು. ಇದೇ ಸೌದೆ ಉರಿಸ್ತೀರಿ ಅಂದ್ರೆ ಚೆರ್ರಿ ಹೂ ಬಿಡೋವರೆಗೂ ಇಲ್ಲೇ ಇದ್ದುಬಿಡ್ತೀನಿ. ಹಾಸಿಗೆ ಈ ಕೋಣೇಲೇ ಹಾಕ್ಲಿ. ನೀವಿಬ್ರೂ ಮೇಲೆ ಮಲಗಬಹುದು, ವಯಸ್ಸಿನ್ನೂ ಚಿಕ್ಕದು. ಎಂಟಕ್ಕೆಲ್ಲ ದೀಪ ಆರಿಸ್ಬೇಕು. ನಿಮ್ಮ ಆ ಸಿಗರೇಟು, ಟೀವಿ ಎಲ್ಲ ಬಂದ್."

ಹಿದೆಯೊ ಮಹಡಿಯ ಮೆಟ್ಟಿಲ ಕಡೆ ನೋಡಿದ. ಮೇಲಿನ ಕೋಣೆಯಲ್ಲಿ ಹೂಜಿಯ ನೀರು ರಾತ್ರಿಯಲ್ಲಿ ಗಟ್ಟಿಯಾಗುತ್ತಿತ್ತು. ಆದರೆ ಮರುಕ್ಷಣವೇ ಸಮಾಧಾನ ತಂದುಕೊಂಡು, ಮುಖದ ಮೇಲೆ ಆದಷ್ಟು ದುಃಖ ಹರಡಿಕೊಂಡ.

"ಏನು ಮಾಡೋದು ಅತ್ತೆ, ಅದೃಷ್ಟ ಇಲ್ಲ. ಇಂಥದ್ದು ಇದ್ದದ್ದೇ ಒಂದು. ಇವತ್ತಿಗೆ, ಹೆಚ್ಚಂದ್ರೆ ನಾಳೆಗೆ ಮುಗಿಯುತ್ತೆ."

"ಪಾಪ. ಹಾಗಾದ್ರೆ ನಾಡಿದ್ದೇ ಹೊರಡ್ತೀನಿ," ಎಂದು ಅತ್ತೆ ನಿಟ್ಟುಸಿರಿಟ್ಟರು. ಒಲೆಯೂ ಉಳಿಯಿತು, ಅತ್ತೆಯೂ ಹೊರಡುತ್ತಾರೆ! ಹಿದೆಯೊನ ಎದೆಯಲ್ಲಿ ಆಗಲೇ ಚೆರ್ರಿ ಹೂ ಬಿಟ್ಟಿತು.

ಆ ಹೊತ್ತಿಗೆ ಸರಿಯಾಗಿ ಊರ ಹಿರಿಯ ಕೊಮಿಯಾಮಾ ಬಾಗಿಲು ಸರಿಸಿದರು. ಕಂಕುಳಲ್ಲಿ ಅಕ್ಕಿ ಬೇಯಿಸುವ ಬಿದಿರಿನ ಬುಟ್ಟಿ.

"ಮಿಜುತಾನಿ-ಸಾನ್, ಒರಳಿಗೆ ನೀರು ತುಂಬಿಸಿಟ್ರಾ? ರಾತ್ರಿಯೆಲ್ಲ ನೆನೀದಿದ್ರೆ ನಾಳೆ ಕುಟ್ಟುವಾಗ ಇನ್ನೂ ಬಿರೀತದೆ ಅದು."

ಹಿದೆಯೊ ಮೊದಲು ಒಲೆಯನ್ನು ನೋಡಿದ, ಆಮೇಲೆ ಹಿರಿಯರನ್ನು.

"ಯಾವ... ಒರಳು?" ಎಂದ ಹಿದೆಯೊ.

"ಊರ ಒರಳು ಮಾರಾಯ್ರೆ! ಮಧ್ಯಾಹ್ನ ನಾವೇ ತಂದಿಟ್ವಲ್ಲ. ಈ ವರ್ಷದ ಮೋಚಿ ಕುಟ್ಟೋದು ನಿಮ್ಮ ಅಂಗಳದಲ್ಲಿ ಅಂತ ಹೋದ ವಾರದ ಸಭೇಲೇ ತೀರ್ಮಾನ ಆಯ್ತು. ನೀವು ಒಲೆ ಹಚ್ಚೋ ಗಲಾಟೇಲಿ ಬರ್ಲಿಲ್ಲ. ಬರದೇ ಇದ್ದೋರ ಮನೆಗೇ ಕೆಲಸ, ಅದು ನಮ್ಮ ಪದ್ಧತಿ. ಉಶಿಯಾಮಾ ಬೆಳಗ್ಗೆ ಬಂದಿದ್ನಲ್ಲ, ಹೇಳ್ಲಿಲ್ವಾ?"

ಹಿರಿಯರು ಹೇಳಿರುತ್ತಾರೆಂದು ಉಶಿಯಾಮಾನೂ, ಉಶಿಯಾಮಾ ಹೇಳಿರುತ್ತಾನೆಂದು ಹಿರಿಯರೂ ನಂಬಿದ್ದರು. ಬೊಡ್ಡೆ ತರಲು ನೆನಪಿದ್ದವನಿಗೆ ಮಾತು ತರಲು ನೆನಪಿರಲಿಲ್ಲ. ಬೇಡದ್ದನ್ನೆಲ್ಲ ಸದ್ದಿಲ್ಲದೆ ಇಟ್ಟುಹೋಗುವ ಜಗುಲಿಯಲ್ಲಿ, ಬೇಕಾದದ್ದನ್ನೂ ಹಾಗೆಯೇ ಸದ್ದಿಲ್ಲದೆ ಇಟ್ಟುಹೋದರೆ, ಯಾವುದು ಕಸ ಯಾವುದು ಕುಲದೈವ ಎಂದು ತಿಳಿಯುವ ಬಗೆ ಹೇಗೆ? ಆದರೆ ಆ ಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಹಿದೆಯೊ ಇರಲಿಲ್ಲ. ಕಳುವಾಯಿತು ಎನ್ನಬಹುದಿತ್ತು. ಹಿಮದಲ್ಲಿ ಉರುಳಿ ಹೊಳೆಗೆ ಬಿತ್ತು ಎನ್ನಬಹುದಿತ್ತು. ಅಂಚೆ ಕಚೇರಿಯಲ್ಲಿ ಒಂದು ಕಾಗದವನ್ನೂ ಕಳೆಯದ ಮನುಷ್ಯ ಅವನು. ನೆಲದ ಮೇಲೆ ಮಂಡಿಯೂರಿ, ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, ಒಲೆಯ ಕಡೆ ಕೈ ತೋರಿಸಿದ.

ಕೊಮಿಯಾಮಾ ಬಗ್ಗಿ ಗಾಜಿನೊಳಗೆ ನೋಡಿದರು. ಒರಳಿನ ಬಾಯಂಚಿನ ಒಂದು ತುಂಡು ಕೆಂಪಗೆ, ಉದಯದ ಸೂರ್ಯನಂತೆ ಬಾಗಿ ಹೊಳೆಯುತ್ತಿತ್ತು. ಅವರು ಟೋಪಿ ತೆಗೆದರು. ಭುಜ ಅಲುಗತೊಡಗಿತು. ಮುದುಕರು ಅಳುತ್ತಿದ್ದಾರೆಂದು ಸವಾಕೊ ಕರವಸ್ತ್ರಕ್ಕೆ ಓಡಿದಳು.

"ಪೂರ್ತಿ ಸುಟ್ರಾ?" ಎಂದರು ಕೊಮಿಯಾಮಾ, ಪಿಸುದನಿಯಲ್ಲಿ. "ಕೊಡತಿ?"

"ಅದೂ."

"ಅಂಟಿಸಿ ಸರಿ ಮಾಡೋ ಹಾಗೆ ಏನೂ ಉಳಿದಿಲ್ಲ ತಾನೆ?"

"ಏನೂ ಇಲ್ಲ. ಕ್ಷಮಿಸಿ. ನಾನು ಏನು ಬೇಕಾದ್ರೂ..."

"ಮಿಜುತಾನಿ-ಸಾನ್!" ಹಿರಿಯರು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರು ಅಳುತ್ತಿರಲಿಲ್ಲ. "ನಮ್ಮ ಸೊಂಟ ಉಳಿಸಿದ್ರಿ! ಹತ್ತು ವರ್ಷದಿಂದ ಪ್ರತಿ ಸಲ ಕುಟ್ಟಿ ಒಂದು ವಾರ ನಾನು ಮಲಗ್ತೀನಿ. ಹೆಂಗಸರು ಹಿಮದಲ್ಲಿ ಅಕ್ಕಿ ತೊಳೆದು ಕೈ ಸೆಟೆಸಿಕೊಳ್ತಾರೆ. ಆ ಮೋಚಿಯಲ್ಲಿ ಒರಳಿನ ಸಿಬರು ಬೇರೆ! ಯಾರೂ ತಿನ್ನಲ್ಲ ರೀ. ಮನೇಲಿ ಎಲ್ಲರ ಹತ್ರಾನೂ ಯಂತ್ರ ಇದೆ. ಆದ್ರೆ ಇದನ್ನ ನಿಲ್ಲಿಸೋಣ ಅಂತ ಮೊದಲು ಬಾಯಿ ಬಿಡೋರು ಯಾರು?"

ನೋಡಿ! ಒಬ್ಬರಿಗೂ ಬೇಡವಾದದ್ದನ್ನು ಇಡೀ ಊರು ಭಕ್ತಿಯಿಂದ ಕುಟ್ಟುತ್ತ ಬಂದಿತ್ತು. "ಬೇಡ" ಎನ್ನಲು ಧೈರ್ಯವಿಲ್ಲದವನು ಹಿದೆಯೊ ಒಬ್ಬನೇ ಆಗಿರಲಿಲ್ಲ. ಕೊಮಿಯಾಮಾ ಅಲ್ಲಿಯೇ ಫೋನು ತೆಗೆದು, ಮೊದಲು ಉಶಿಯಾಮಾನಿಗೆ, ಆಮೇಲೆ ಕೆಳಗಿನ ಕೇರಿಯ ಹಿರಿಯರಿಗೆ, ಹೊಳೆಯಾಚೆಯ ಕೇರಿಯ ತಮ್ಮ ಭಾವನಿಗೆ, ಶಾಲೆಯ ಹಿಂದಿನ ಕೇರಿಯ ಗೆಳೆಯನಿಗೆ ಶುಭವಾರ್ತೆ ಮುಟ್ಟಿಸಿದರು. ಅತ್ತ ಕಡೆಯಿಂದ ಬಂದ ಆನಂದದ ಕೂಗು ನಡುಮನೆಯಲ್ಲೆಲ್ಲ ಕೇಳಿಸಿತು.

ಹಿರಿಯರು ಹೋದ ಮೇಲೆ ಹಿದೆಯೊ ದೀರ್ಘವಾಗಿ ಉಸಿರುಬಿಟ್ಟ. ಒಲೆ ಉಳಿದಿತ್ತು, ಮಾನ ಉಳಿದಿತ್ತು, ನಾಡಿದ್ದು ಕುರ್ಚಿಯೂ ಮರಳಿ ಸಿಗಲಿತ್ತು. ಸವಾಕೊ ಅವನಿಗೆ ತಾನಾಗಿಯೇ ಬಿಸಿ ಅಕ್ಕಿಮದ್ಯ ಬಗ್ಗಿಸಿಕೊಟ್ಟಳು.

ಮೊದಲ ಗುಟುಕು ಇಳಿಯುವ ಮುನ್ನ ಅಂಗಳದಲ್ಲಿ ಲಾರಿಯೊಂದರ ಸದ್ದು. ಜಗುಲಿಯ ಮೇಲೆ ದಢ್ ಎಂದು ಏನೋ ಬಿತ್ತು. ಲಾರಿ ದೀಪ ಆರಿಸಿಕೊಂಡೇ ಪರಾರಿಯಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಲಾರಿ, ಇನ್ನೊಂದು ದಢ್. ಹಿದೆಯೊ ಬಾಗಿಲು ಸರಿಸಿ ಹೊರಗೆ ಬರುವಷ್ಟರಲ್ಲಿ ಮೂರನೆಯದೂ ಬಂದು ಹೋಗಿತ್ತು. ಕೆಳಗಿನ ಕೇರಿಯದು, ಹೊಳೆಯಾಚೆಯದು, ಶಾಲೆಯ ಹಿಂದಿನ ಕೇರಿಯದು. ಸುರಿಯುವ ಹಿಮದಲ್ಲಿ ಮೂರು ಒರಳುಗಳು, ಒಂದಕ್ಕಿಂತ ಒಂದು ದೊಡ್ಡವು, ಕೊಡತಿಗಳನ್ನು ಭುಜಕ್ಕಾನಿಸಿಕೊಂಡ ಜಟ್ಟಿಗಳಂತೆ ಸಾಲಾಗಿ ನಿಂತಿದ್ದವು. ಹೆಸರಿಲ್ಲ, ಮಾತಿಲ್ಲ.

ಹಿಂದೆಯೇ ಬಂದ ಸವಾಕೊ ಬಾಯಿಗೆ ಕೈಯಿಟ್ಟುಕೊಂಡಳು. "ಇದಕ್ಕೆಲ್ಲ ಮರು ಉಡುಗೊರೆ ಏನು ಕೊಡೋದು ರೀ?"

ಅತ್ತೆ ಕಿಕುನೊ ಅಂಗಿಯ ತೋಳು ಮಡಚಿಕೊಂಡೇ ಹೊಸ್ತಿಲವರೆಗೆ ಬಂದು, ಮೂರನ್ನೂ ತಮ್ಮ ಬೆರಳ ಗೆಣ್ಣಿನಿಂದ ಒಂದೊಂದಾಗಿ ತಟ್ಟಿ ನೋಡಿದರು. ಠಣ್. ಠಣ್. ಠಣ್.

"ಕೆಯಾಕಿ," ಎಂದರು, ತೃಪ್ತಿಯಿಂದ. "ಸವಾಕೊ, ನನ್ನ ಬೇಸಿಗೆ ಬಟ್ಟೇನೂ ಕಳಿಸೋಕೆ ಅತಾಮಿಗೆ ಫೋನ್ ಮಾಡು. ಹಿದೆಯೊ-ಸಾನ್, ಬೆನ್ನು ನೆಟ್ಟಗೆ. ಕೊಡಲಿ ಕೊಟ್ಟಿಗೇಲಿದೆ ಅಲ್ವಾ? ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ, ಶಾಖ ಎಲ್ಲ ಆಚೆ ಹೋಗ್ತಿದೆ."

ಹಿದೆಯೊ ಬಾಯಿ ತೆರೆದ. ಆ ಎರಡಕ್ಷರ ನಾಲಿಗೆಯ ತುದಿಯವರೆಗೂ ಬಂದು ನಿಂತಿತು.

"ಆಯ್ತು ಅತ್ತೆ," ಎಂದು, ಹೊರಗಿನಿಂದ ಬಾಗಿಲೆಳೆದುಕೊಂಡ.